ಶೀರ್ಷಿಕೆಯ ಮೂರು ಪದಗಳು

ಕನ್ನಡದಲ್ಲಿ ಸಿದ್ಧವಾಗುತ್ತಿರುವ ಒಂದು ಪರಾಮರ್ಶನ ಗ್ರಂಥಕ್ಕೆ 800 ಪದಗಳ ನಮೂದೊಂದನ್ನು ಬರೆದುಕೊಡುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂತು. ಸಂಪಾದಕರು ಕಳಿಸಿದ ಪಟ್ಟಿಯಲ್ಲಿ ಅದರ ಶೀರ್ಷಿಕೆ ಮೊದಲೇ ಟೈಪಾಗಿತ್ತು: ‘ಗ್ರೀಕ್ ಜಾನಪದ ಸಂಗೀತ’. ಕೆಲಸ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳು ಹೋದದ್ದು ಈ ಮೂರು ಪದಗಳಿಗೆ.

ಹಂಪಿ ಎಲ್ಲಿ, ಅಥೆನ್ಸ್ ಎಲ್ಲಿ ಎಂದು ನೀವು ಕೇಳಬಹುದು. ಇಂಥ ನಮೂದು ನನ್ನ ಹತ್ತಿರ ಬರಲು ಕಾರಣ ‘ಕೆರೆಗೆ ಹಾರ’. ನನ್ನ ಪಿಎಚ್.ಡಿ. ಇರುವುದು ಬಲಿಯ ಕಥನಗೀತಗಳ ಮೇಲೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಕಿರಿಸೊಸೆ ಭಾಗೀರತಿಯನ್ನು ಕೊಟ್ಟ ಮೇಲೆ ಬಂತು ಎಂಬ ಕಥೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಗ್ರೀಸಿನ ವಾಯವ್ಯ ಮೂಲೆಯಲ್ಲಿ ಆರ್ತಾ ಎಂಬ ಊರಿದೆ. ಅಲ್ಲಿನ ಕಲ್ಲುಸೇತುವೆಯ ಮೇಲೂ ಒಂದು ಹಾಡಿದೆ. ನಲವತ್ತೈದು ಮಂದಿ ಕಸುಬುದಾರರು, ಅರವತ್ತು ಮಂದಿ ಶಿಷ್ಯರು ಹಗಲೆಲ್ಲ ಕಟ್ಟಿದ್ದು ರಾತ್ರಿ ಕುಸಿಯುತ್ತದೆ. ಹಕ್ಕಿಯೊಂದು ಬಂದು ಮನುಷ್ಯರ ಮಾತಿನಲ್ಲಿ, ಮುಖ್ಯ ಮೇಸ್ತ್ರಿಯ ಹೆಂಡತಿಯನ್ನು ಒಳಗಿಟ್ಟು ಕಟ್ಟಿದರಷ್ಟೇ ಸೇತುವೆ ನಿಂತೀತು ಎನ್ನುತ್ತದೆ. ಉಂಗುರ ಬಿದ್ದಿದೆ, ತೆಗೆದುಕೊಡು ಎಂದು ಸುಳ್ಳು ಹೇಳಿ ಅವಳನ್ನು ಕೆಳಗಿಳಿಸುತ್ತಾರೆ. ಅವಳು ಸೇತುವೆಗೆ ಶಾಪ ಹಾಕುತ್ತಾಳೆ. ಪರದೇಶದಲ್ಲಿರುವ ನಿನ್ನ ಒಡಹುಟ್ಟಿದವನು ನಾಳೆ ಇದೇ ಸೇತುವೆ ದಾಟಿ ಬಂದರೆ ಎಂದು ನೆನಪಿಸಿದಾಗ ಅದೇ ಶಾಪವನ್ನು ಹರಕೆಯಾಗಿ ತಿರುಗಿಸುತ್ತಾಳೆ. ಈ ಹಾಡಿನ ಪಾಠಾಂತರಗಳನ್ನು ಓದಲೆಂದೇ ನಾನು ಗ್ರೀಕ್ ಲಿಪಿಯ 24 ಅಕ್ಷರ ಕಲಿತದ್ದು, ಆಮೇಲೆ ನಿಘಂಟು ಹಿಡಿದು ಭಾಷೆಗೆ ಇಳಿದದ್ದು. ನಮ್ಮ ಸಂಪಾದಕರಿಗೆ ಅಷ್ಟು ಸಾಕಾಯಿತು.

ಮೊದಲ ಪದ, ‘ಗ್ರೀಕ್’. ಕನ್ನಡದ ಓದುಗರಿಗೆ ಈ ಪದ ಕೇಳಿದ ಕೂಡಲೇ ಏನು ಹೊಳೆಯುತ್ತದೆ? ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’, ‘ಪಾರಸಿಕರು’, ಲಂಕೇಶರು ತಂದ ಈಡಿಪಸ್, ಸಾಕ್ರಟೀಸ್, ಪ್ಲೇಟೋ, ಸಂಗೀತಕ್ಕೆ ಬಂದರೆ ತಂತಿ ಅಳೆದ ಪೈಥಾಗೊರಸ್, ಲೈರ್ ಹಿಡಿದು ಪಾತಾಳಕ್ಕೆ ಇಳಿದ ಆರ್ಫಿಯಸ್. ನಮ್ಮ ಭಾಷೆಯಲ್ಲಿ ಗ್ರೀಕರು ಎರಡು ಸಾವಿರ ವರ್ಷದ ಹಿಂದೆಯೇ ನಿಂತಿದ್ದಾರೆ. ಇಂದು ಬೆಳಿಗ್ಗೆ ಎದ್ದು ಚಹಾ ಕುಡಿದು, ಸಂಜೆ ಮದುವೆಗೆ ಹೋಗಿ ಕುಣಿಯುವ ಗ್ರೀಕರ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಹುಡುಕುವುದೂ ಕಷ್ಟ.

ಇದರಿಂದ ಆಗುವ ತೊಡಕಿಗೆ ‘ಲೀರಾ’ ಒಳ್ಳೆಯ ಉದಾಹರಣೆ. ಪ್ರಾಚೀನ ಗ್ರೀಕರ ಲೈರ್ ಬೆರಳಿನಿಂದಲೋ ಕಡ್ಡಿಯಿಂದಲೋ ಮೀಟುವ ವಾದ್ಯ. ಇಂದು ಕ್ರೀಟ್ ದ್ವೀಪದಲ್ಲಿ ಲೀರಾ ಎಂದರೆ ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಕಮಾನಿನಿಂದ ನುಡಿಸುವ, ಮೂರು ತಂತಿಯ, ಪೇರಲಹಣ್ಣನ್ನು ಉದ್ದಕ್ಕೆ ಸೀಳಿದಂಥ ಆಕಾರದ ವಾದ್ಯ. ಹೆಸರು ಒಂದೇ, ವಾದ್ಯ ಬೇರೆ. ಕಪ್ಪು ಸಮುದ್ರದ ತೀರದಿಂದ ಬಂದ ಪೊಂಟಸ್ ಜನರ ಲೀರಾ ಇನ್ನೂ ಬೇರೆ. ಉದ್ದನೆಯ ಪೆಟ್ಟಿಗೆಯಂಥದ್ದು, ಅದಕ್ಕೆ ಕೆಮೆಂಜೆ ಎಂಬ ಹೆಸರೂ ಇದೆ. ನಮೂದಿನಲ್ಲಿ ‘ಲೀರಾ’ ಎಂದಷ್ಟೇ ಬರೆದುಬಿಟ್ಟರೆ ಕನ್ನಡದ ಓದುಗ ಆರ್ಫಿಯಸ್ಸನ್ನು ನೆನೆದು ಸಂತೃಪ್ತನಾಗುತ್ತಾನೆ. ಕ್ರೀಟಿನ ಮದುವೆಮನೆಯಲ್ಲಿ ಬೆವರು ಸುರಿಸುತ್ತ ಬೆಳಗಿನವರೆಗೆ ಕಮಾನು ಎಳೆಯುವ ಮನುಷ್ಯ ಕಾಣುವುದೇ ಇಲ್ಲ.

ಇತ್ತೀಚಿನ ಗ್ರೀಸ್ ಗೊತ್ತಿರುವವರಿಗೂ ಇನ್ನೊಂದು ಚಿತ್ರ ಅಡ್ಡ ಬರುತ್ತದೆ. 1964ರ ‘ಜೋರ್ಬಾ ದ ಗ್ರೀಕ್’ ಸಿನಿಮಾದ ಕೊನೆಯ ಕುಣಿತ, ನಿಧಾನವಾಗಿ ಶುರುವಾಗಿ ವೇಗ ಹಿಡಿಯುವ ಆ ಬುಜೂಕಿ. ಜಗತ್ತು ಅದನ್ನು ಗ್ರೀಸಿನ ಪುರಾತನ ನೃತ್ಯ ಎಂದೇ ನಂಬಿದೆ. ‘ಸಿರ್ತಾಕಿ’ ಎಂಬ ಆ ಕುಣಿತ ಹುಟ್ಟಿದ್ದೇ ಆ ಸಿನಿಮಾಕ್ಕಾಗಿ, ಸಂಗೀತ ಮಿಕಿಸ್ ಥಿಯೊದೊರಾಕಿಸ್ ಅವರದು. ಅದರ ಹಿಂದಿರುವ ಹಳೆಯ ಕುಣಿತದ ಹೆಸರು ‘ಹಸಾಪಿಕೊ’, ಅಂದರೆ ಮಾಂಸ ಕಡಿಯುವವರ ಕುಣಿತ. ಹಸಾಪಿಸ್ ಎಂಬುದು ತುರ್ಕಿಯ ಮೂಲಕ ಹೋದ ಪದ, ನಮ್ಮ ‘ಕಸಾಬ’ನ ನೆಂಟ. ಒಂದು ಕಡೆ ಆರ್ಫಿಯಸ್, ಇನ್ನೊಂದು ಕಡೆ ಜೋರ್ಬಾ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಜನರ ಹಾಡಿಗೆ ನಾನು ಹೆಸರಿಡಬೇಕಿತ್ತು.

ಎರಡನೆಯ ಪದ, ‘ಜಾನಪದ’. ಇದು ಇನ್ನೂ ತಂಟೆಯದು, ಏಕೆಂದರೆ ಗ್ರೀಕ್ ಭಾಷೆಯಲ್ಲಿ ‘ಜನ’ ಎನ್ನಲು ಎರಡು ಪದಗಳಿವೆ. ದೀಮೊಸ್ ಒಂದು, ಲಾಓಸ್ ಇನ್ನೊಂದು. ದೀಮೊಸ್‌ನಿಂದ ‘ದಿಮೊತಿಕೊ’ ಬಂತು. ಅದು ಹಳ್ಳಿಯ ಹಾಡು: ತೊಟ್ಟಿಲಿನದು, ಮದುವೆಯದು, ಸಾವಿನದು, ಗುಡ್ಡಗಾಡಿನ ಬಂಡಾಯಗಾರರದು. ಲಾಓಸ್‌ನಿಂದ ‘ಲಾಯಿಕೊ’ ಬಂತು. ಅದು ಪಟ್ಟಣದ ಹಾಡು: ಬುಜೂಕಿಯದು, ಗ್ರಾಮಫೋನಿನದು, ಹೋಟೆಲಿನದು. ಎರಡೂ ‘ಜನರ ಹಾಡು’ಗಳೇ. ಆದರೆ ಗ್ರೀಕರ ಕಿವಿಯಲ್ಲಿ ಎರಡರ ನಡುವೆ ದೊಡ್ಡ ಕಂದಕವಿದೆ. ಕನ್ನಡದಲ್ಲಿ ಎರಡಕ್ಕೂ ‘ಜಾನಪದ’ ಎಂದರೆ ಆ ಕಂದಕ ಮುಚ್ಚಿಹೋಗುತ್ತದೆ. ಒಂದಕ್ಕೆ ಜಾನಪದ, ಇನ್ನೊಂದಕ್ಕೆ ಜನಪ್ರಿಯ ಎಂದರೆ ಒಂದು ಪಕ್ಷ ವಹಿಸಿದಂತೆ.

ಪಕ್ಷ ಎನ್ನಲು ಕಾರಣವಿದೆ. 1821ರಲ್ಲಿ ಗ್ರೀಕರು ಒಟ್ಟೊಮನ್ನರ ವಿರುದ್ಧ ದಂಗೆ ಎದ್ದರು. ಯುದ್ಧ ನಡೆಯುತ್ತಿರುವಾಗಲೇ, 1824-25ರಲ್ಲಿ, ಕ್ಲೋದ್ ಫೋರಿಯೆಲ್ ಎಂಬ ಫ್ರೆಂಚ್ ವಿದ್ವಾಂಸ ಪ್ಯಾರಿಸಿನಲ್ಲಿ ಎರಡು ಸಂಪುಟಗಳಲ್ಲಿ ಗ್ರೀಕ್ ಜನರ ಹಾಡುಗಳನ್ನು ಪ್ರಕಟಿಸಿದ. ಅವನು ಗ್ರೀಸಿಗೆ ಹೋದವನೇ ಅಲ್ಲ. ವೆನಿಸ್, ತ್ರಿಯೆಸ್ತೆಗಳಲ್ಲಿ ನೆಲೆಸಿದ್ದ ಗ್ರೀಕರಿಂದ, ಪರಿಚಿತ ವಿದ್ವಾಂಸರಿಂದ ಹಾಡುಗಳನ್ನು ಸಂಗ್ರಹಿಸಿದ. 1830ರಲ್ಲಿ ಜರ್ಮನ್ ಇತಿಹಾಸಕಾರ ಫಾಲ್‌ಮೆರಾಯರ್, ಇಂದಿನ ಗ್ರೀಕರಿಗೂ ಪ್ರಾಚೀನ ಗ್ರೀಕರಿಗೂ ರಕ್ತಸಂಬಂಧವೇ ಇಲ್ಲ ಎಂದು ಬರೆದ. ಅಂದಿನಿಂದ ಹಳ್ಳಿಯ ಹಾಡು ಹಾಡಾಗಿ ಉಳಿಯಲಿಲ್ಲ, ಸಾಕ್ಷಿಯಾಯಿತು. ನಾವು ಅವರ ಮಕ್ಕಳೇ ಎಂದು ತೋರಿಸಲು ಅಜ್ಜಿಯರ ಹಾಡುಗಳಲ್ಲಿ ಹೋಮರನ ಕುರುಹು ಹುಡುಕತೊಡಗಿದರು. ಗ್ರೀಕ್ ಜಾನಪದ ವಿದ್ವಾಂಸ ನಿಕೊಲಾಓಸ್ ಪೊಲಿತಿಸ್ 1884ರಲ್ಲಿ ಈ ಅಧ್ಯಯನಕ್ಕೆ ‘ಲಾಓಗ್ರಾಫಿಯಾ’ ಎಂದು ಹೆಸರಿಟ್ಟ. 1914ರಲ್ಲಿ ಅವನು ತಂದ ಹಾಡುಗಳ ಸಂಕಲನ ಇಂದಿಗೂ ಮನೆಮಾತು. ಆದರೆ ಅದರಲ್ಲಿನ ಎಷ್ಟೋ ಹಾಡುಗಳನ್ನು ಯಾವ ಒಬ್ಬ ಹೆಂಗಸೂ ಹಾಗೆಯೇ ಹಾಡಿರಲಿಲ್ಲ. ಹಲವು ಪಾಠಗಳಿಂದ ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸಿ ‘ಸರಿಯಾದ’ ಪಾಠ ಕಟ್ಟುವುದು ಅವನ ಕ್ರಮ. ನಾನು ಆರ್ತಾ ಸೇತುವೆಯ ಹಾಡನ್ನು ಮೊದಲು ಓದಿದ್ದು ಅವನ ಪಾಠದಲ್ಲೇ. ಸುಂದರವಾದ ಪಾಠ. ಸೇತುವೆಯ ಹಾಗೆಯೇ ಗಟ್ಟಿಯಾಗಿ ನಿಂತಿದೆ; ಅದರ ಬುಡದಲ್ಲಿ ಯಾರ ಯಾರ ದನಿ ಹೂತುಹೋಗಿದೆಯೋ ಎಂಬ ಯೋಚನೆ ಓದುವಾಗಲೆಲ್ಲ ಬರುತ್ತದೆ.

ಪಟ್ಟಣದ ಹಾಡಿಗೆ ಈ ಮರ್ಯಾದೆ ಸಿಗಲಿಲ್ಲ. ರೆಬೇತಿಕೊ ಎಂಬ ಪ್ರಕಾರವನ್ನೇ ನೋಡಿ. ಆ ಪದ ಎಲ್ಲಿಂದ ಬಂತು ಎಂಬುದರ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಂದರಿನ ಕೂಲಿಗಳು, ಜೈಲು ಕಂಡವರು, ಹಶೀಶ್ ಸೇದುವವರು, ನಿರಾಶ್ರಿತರು, ಇವರ ನಡುವೆ ಬೆಳೆದ ಹಾಡು ಅದು. 1936ರ ಆಗಸ್ಟ್ 4ರಂದು ಮೆತಕ್ಸಾಸನ ಸರ್ವಾಧಿಕಾರ ಶುರುವಾದ ಮೇಲೆ ಧ್ವನಿಮುದ್ರಿಕೆಗಳಿಗೆ ಸೆನ್ಸಾರ್ ಬಂತು. ಹಶೀಶಿನ ಮಾತು ಕೂಡದು, ‘ಅಮಾನ್ ಅಮಾನ್’ ಎಂದು ಎಳೆಯುವ ಪೂರ್ವದ ರಾಗ ಕೂಡದು. 1949ರ ಜನವರಿಯಲ್ಲಿ ಸಂಗೀತ ಸಂಯೋಜಕ ಮಾನೊಸ್ ಹಜಿದಾಕಿಸ್ ಅಥೆನ್ಸಿನ ರಂಗಮಂದಿರವೊಂದರಲ್ಲಿ ಈ ಹಾಡುಗಳ ಪರವಾಗಿ ಉಪನ್ಯಾಸ ಕೊಟ್ಟಾಗ ಸುಶಿಕ್ಷಿತರು ಬೆಚ್ಚಿದರು. 1968ರಲ್ಲಿ, ಸೇನಾಡಳಿತದ ಕಾಲದಲ್ಲಿ, ಇಲಿಯಾಸ್ ಪೆತ್ರೊಪುಲೊಸ್ ಸೆನ್ಸಾರ್ ಒಪ್ಪಿಗೆ ಇಲ್ಲದೆ ರೆಬೇತಿಕೊ ಹಾಡುಗಳ ಸಂಗ್ರಹ ತಂದು ಜೈಲಿಗೆ ಹೋದ. 2017ರಲ್ಲಿ ಅದೇ ರೆಬೇತಿಕೊ ಯುನೆಸ್ಕೊದ ಮಾನವ ಪರಂಪರೆಯ ಪಟ್ಟಿ ಸೇರಿತು. ಒಂದು ಹಾಡಿಗೆ ‘ಪರಂಪರೆ’ ಎಂಬ ಹೆಸರು ಸಿಗುವ ಮುನ್ನ ಅದನ್ನು ಸಂಗ್ರಹಿಸಿದವನು ಜೈಲು ಕಾಣಬೇಕಾಯಿತು. ಅಂದ ಮೇಲೆ ನಮೂದಿನ ಶೀರ್ಷಿಕೆಯಲ್ಲಿ ಯಾವ ಪದ ಇರಬೇಕೆಂಬುದು ಬರೀ ಭಾಷಾಂತರದ ಪ್ರಶ್ನೆಯಾಗಿ ಉಳಿಯುತ್ತದೆಯೇ?

ಮತ್ತೆ ‘ಗ್ರೀಕ್’ಗೆ ಬರುತ್ತೇನೆ. 1923ರ ಜನವರಿ 30ರಂದು ಲೊಸಾನ್‌ನಲ್ಲಿ ಗ್ರೀಸ್ ಮತ್ತು ತುರ್ಕಿ ಜನರ ವಿನಿಮಯಕ್ಕೆ ಸಹಿ ಹಾಕಿದವು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿನ ಪಾಲಾದರು. ಮೂರೂವರೆ ಲಕ್ಷಕ್ಕೂ ಹೆಚ್ಚು ಮುಸ್ಲಿಮರು ತುರ್ಕಿಯ ಪಾಲಾದರು. ಯಾರು ಎಲ್ಲಿಗೆ ಎಂಬುದನ್ನು ನಿರ್ಧರಿಸಿದ್ದು ಧರ್ಮವೇ ಹೊರತು ಭಾಷೆಯಲ್ಲ. ಆದ್ದರಿಂದ ತುರ್ಕಿಯನ್ನೇ ಮಾತಾಡುತ್ತಿದ್ದ, ತುರ್ಕಿಯಲ್ಲೇ ಹಾಡುತ್ತಿದ್ದ, ಆ ತುರ್ಕಿಯನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದ ಕರಮನ್ಲಿ ಜನ ‘ಗ್ರೀಕ’ರಾಗಿ ಗ್ರೀಸಿಗೆ ಬಂದಿಳಿದರು. ಗ್ರೀಕನ್ನೇ ಮಾತಾಡುತ್ತಿದ್ದ ಕ್ರೀಟಿನ ಮುಸ್ಲಿಮರು ‘ತುರ್ಕ’ರಾಗಿ ಹಡಗು ಹತ್ತಿದರು. ಮೊದಲನೆಯವರ ತುರ್ಕಿ ಹಾಡು ಗ್ರೀಕ್ ಸಂಗೀತವೇ? ಎರಡನೆಯವರು ತುರ್ಕಿಯ ಕರಾವಳಿಯಲ್ಲಿ ಕುಳಿತು ಹಾಡಿದ ಗ್ರೀಕ್ ಹಾಡು? ಭಾಷೆಯನ್ನು ಹಿಡಿದರೆ ಒಂದು ಗುಂಪು ಹೊರಗೆ, ಧರ್ಮ ಹಿಡಿದರೆ ಇನ್ನೊಂದು ಹೊರಗೆ, ದೇಶದ ಗಡಿ ಹಿಡಿದರೆ ಸೈಪ್ರಸ್ಸೇ ಹೊರಗೆ.

ರೋಜಾ ಎಸ್ಕೆನಾಜಿಯ ದನಿ ಕೇಳಿದವರಿಗೆ ಈ ಪ್ರಶ್ನೆ ಇನ್ನೂ ಬಿಗಿಯುತ್ತದೆ. ಇಸ್ತಾಂಬುಲಿನಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಗ್ರೀಕ್, ತುರ್ಕಿ, ತನ್ನ ಜನರ ಲಾದಿನೊ, ಎಲ್ಲದರಲ್ಲೂ ಹಾಡಿದಳು. 1930ರ ದಶಕದ ಅಥೆನ್ಸಿನಲ್ಲಿ ನಿರಾಶ್ರಿತರ ಹಾಡಿಗೆ ದನಿ ಕೊಟ್ಟವರಲ್ಲಿ ಅವಳು ಮೊದಲ ಸಾಲಿನವಳು. ಅವಳನ್ನು ಬಿಟ್ಟು ‘ಗ್ರೀಕ್’ ಸಂಗೀತ ಬರೆಯಲಾಗದು. ಸೇರಿಸಿಕೊಂಡರೆ, ‘ಗ್ರೀಕ್’ ಎಂಬ ಪದ ತಾನು ಹೊತ್ತುಕೊಂಡು ಬಂದ ಅರ್ಥವನ್ನು ಸ್ವಲ್ಪ ಇಳಿಸಬೇಕಾಗುತ್ತದೆ. ಮೆಲ್ಪೊ ಮೆರ್ಲಿಯೆ ಎಂಬ ಸಂಗೀತಶಾಸ್ತ್ರಜ್ಞೆ 1930ರಲ್ಲಿ ಅಥೆನ್ಸಿನ ರಂಗಮಂದಿರವೊಂದಕ್ಕೆ ಹಳ್ಳಿಗರನ್ನೂ ನಿರಾಶ್ರಿತರನ್ನೂ ಕರೆಸಿ ಹಾಡು ಮುದ್ರಿಸಿಕೊಳ್ಳತೊಡಗಿದಾಗ, ಬಂದ ನಿರಾಶ್ರಿತರು ಊರು ಬಿಟ್ಟು ಹತ್ತು ವರ್ಷವೂ ಆಗಿರಲಿಲ್ಲ. ಇನ್ನು ತಡಮಾಡಿದರೆ ಹಾಡು ಹಾಡಿದವರ ಜೊತೆಗೇ ಹೋಗುತ್ತದೆ ಎಂಬ ಅವಸರ ಆ ಕೆಲಸದ ಹಿಂದಿತ್ತು. ಅವಸರದಲ್ಲಿದ್ದವರು ಹೆಸರಿನ ಬಗ್ಗೆ ಜಗಳವಾಡುತ್ತ ಕೂರುವುದಿಲ್ಲ, ಮೊದಲು ಕೇಳಿಸಿಕೊಳ್ಳುತ್ತಾರೆ.

ಬಲ್ಗೇರಿಯಾದ ನಿರ್ದೇಶಕಿ ಅದೆಲಾ ಪೀವಾ 2003ರಲ್ಲಿ ‘ಈ ಹಾಡು ಯಾರದು?’ ಎಂಬ ಸಾಕ್ಷ್ಯಚಿತ್ರ ಮಾಡಿದಳು. ಒಂದೇ ಧಾಟಿಯನ್ನು ಹಿಡಿದು ತುರ್ಕಿ, ಗ್ರೀಸ್, ಅಲ್ಬೇನಿಯಾ, ಬೋಸ್ನಿಯಾ, ಸರ್ಬಿಯಾ ಎಂದು ತಿರುಗುತ್ತಾಳೆ. ಎಲ್ಲ ಕಡೆಯೂ ಜನ ‘ಇದು ನಮ್ಮದೇ’ ಎನ್ನುತ್ತಾರೆ. ಕೆಲವು ಕಡೆ ಪ್ರೀತಿಯಿಂದ, ಕೆಲವು ಕಡೆ ಮುಷ್ಟಿ ಬಿಗಿದು. ಸೇತುವೆಯ ಹಾಡಿನದೂ ಇದೇ ಕಥೆ. ರೊಮೇನಿಯಾದಲ್ಲಿ ಅದು ಮಠ ಕಟ್ಟಿದ ಮನೊಲೆಯ ಹಾಡು, ಸರ್ಬಿಯಾದಲ್ಲಿ ಸ್ಕಾದರ್ ಕೋಟೆಯದು, ಹಂಗೇರಿಯಲ್ಲೂ ಒಂದಿದೆ. ಮೂಲ ನಮ್ಮದು ಎಂದು ಬಾಲ್ಕನ್ ವಿದ್ವಾಂಸರು ಒಂದು ಶತಮಾನ ವಾದಿಸಿದರು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1996ರ ತನ್ನ ಸಂಪಾದಿತ ಗ್ರಂಥದಲ್ಲಿ, ಇವರೆಲ್ಲ ಭಾರತದ ಪಾಠಗಳತ್ತ ಕಣ್ಣೆತ್ತಿಯೂ ನೋಡಲಿಲ್ಲವಲ್ಲ ಎಂದು ಕುಟುಕಿದ. ಅದನ್ನು ಓದಿದಾಗ ನನಗೆ ಖುಷಿಯಾದದ್ದು ನಿಜ. ಖುಷಿಯ ಹಿಂದೆಯೇ ಒಂದು ಎಚ್ಚರವೂ ಬಂತು: ‘ಮೂಲ ನಮ್ಮದು’ ಎಂಬ ಸಾಲಿಗೆ ಭಾಗೀರತಿಯನ್ನೂ ಕರೆದೊಯ್ದು ನಿಲ್ಲಿಸುವುದು ಕಷ್ಟವೇನಲ್ಲ. ಎರಡೂ ಹಾಡಿನಲ್ಲಿ ಗೋಡೆಯೊಳಗೆ, ನೀರಿನೊಳಗೆ ಹೋದದ್ದು ಹೆಣ್ಣು. ಹಕ್ಕು ಸ್ಥಾಪಿಸಲು ಹೊರಟವರು ಅದನ್ನು ಎರಡನೆಯ ಸಲವೂ ಮರೆಯುತ್ತಾರೆ.

ಮೂರನೆಯ ಪದ, ‘ಸಂಗೀತ’. ಇದರಲ್ಲಿ ಏನು ಜಗಳ ಎನ್ನಬೇಡಿ. ನಮ್ಮ ಹಳ್ಳಿಗಳಲ್ಲಿ ಬೀಸುವಾಗ ಹಾಡುವುದು ‘ಪದ’, ‘ಸಂಗೀತ’ ಎಂದರೆ ಕಚೇರಿ. ಗ್ರೀಕಿನಲ್ಲಿ ಹಾಡಿಗೆ ‘ತ್ರಗೂದಿ’ ಎನ್ನುತ್ತಾರೆ. ಅದು ಹುಟ್ಟಿದ್ದು ‘ತ್ರಗೊದಿಯಾ’ದಿಂದ, ಅಂದರೆ ಶ್ರೀಯವರು ಕನ್ನಡಕ್ಕೆ ತಂದ ಆ ರುದ್ರನಾಟಕದ ಹೆಸರಿನಿಂದ! ಎರಡು ಸಾವಿರ ವರ್ಷ ಕೈಯಿಂದ ಕೈಗೆ ದಾಟಿ, ರಂಗದಿಂದಿಳಿದು, ತೊಟ್ಟಿಲು ತೂಗುವವಳ ಬಾಯಿಗೆ ಬಂದ ಪದ. ಪ್ರಾಚೀನಕ್ಕೂ ಇಂದಿಗೂ ಕೊಂಡಿ ಹುಡುಕುವವರು ರಕ್ತದಲ್ಲಿ ಹುಡುಕಿದ್ದು ಈ ಸಾಮಾನ್ಯ ಮಾತಿನಲ್ಲಿತ್ತು.

ಸಂಗೀತವನ್ನು ವರ್ಣಿಸಲು ಹೊರಟಾಗ ಕನ್ನಡ ಕೆಲವು ಕಡೆ ತಾನಾಗಿ ಬಾಗಿಲು ತೆರೆಯಿತು. ಕಲಮಾತಾ ಎಂಬ ಊರಿನ ಹೆಸರಿನ ಕಲಮತಿಯಾನೊಸ್ ಕುಣಿತಕ್ಕೆ ಏಳು ಎಣಿಕೆ: ಮೂರು, ಎರಡು, ಎರಡು. ಪಾಶ್ಚಾತ್ಯ ಪುಸ್ತಕಗಳು ಇದನ್ನು ‘ವಿಷಮ ತಾಳ’ ಎಂದು ಅಚ್ಚರಿಯಿಂದ ವಿವರಿಸುತ್ತವೆ. ಮಿಶ್ರಚಾಪು ಕೇಳಿ ಬೆಳೆದ ನಮಗೆ ‘ತಕಿಟ ತಕಧಿಮಿ’ ಎಂದರೆ ಸಾಕು. ಬುಜೂಕಿಯ ಹಿಜಾಜ್ ಸ್ವರಶ್ರೇಣಿಯನ್ನು ಮೇಳಕರ್ತದ ವಕುಳಾಭರಣದ ಪಕ್ಕ ಇಡಬಹುದು. ಪಕ್ಕ ಇಡಬಹುದು, ಅಷ್ಟೇ. ಕಲಮತಿಯಾನೊಸ್ ಕೈಯಲ್ಲಿ ಹಾಕುವ ತಾಳವಲ್ಲ, ಕೈ ಕೈ ಹಿಡಿದು ಸುತ್ತುವವರ ಹೆಜ್ಜೆ. ಬುಜೂಕಿಯವರು ಇಂಥ ಶ್ರೇಣಿಗಳಿಗೆ ‘ದ್ರೊಮೊಸ್’ ಎನ್ನುತ್ತಾರೆ, ಹಾಗೆಂದರೆ ದಾರಿ. ‘ಮಾರ್ಗ’ ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ನಮ್ಮ ಶಾಸ್ತ್ರದಲ್ಲಿ ಮಾರ್ಗ ಎಂದ ಕೂಡಲೇ ಎದುರಿಗೆ ದೇಸಿ ಬಂದು ನಿಲ್ಲುತ್ತದೆ. ಬಂದರಿನ ಹೋಟೆಲಿನ ಬುಜೂಕಿಗೆ ಮಾರ್ಗದ ಪೇಟ ತೊಡಿಸಿದಂತಾಗುತ್ತದೆ. ನಾನು ‘ದಾರಿ’ ಎಂದೇ ಬರೆದೆ.

ಎಪಿರಸ್ ಸೀಮೆಯ ಬಹುಕಂಠದ ಹಾಡಿಗಂತೂ ನಮ್ಮಲ್ಲಿ ಸಿದ್ಧ ಪದವೇ ಇಲ್ಲ. ಒಬ್ಬ ಹಾಡು ಎತ್ತಿಕೊಳ್ಳುತ್ತಾನೆ. ಇನ್ನೊಬ್ಬ ಅದನ್ನು ‘ತಿರುಗಿಸುತ್ತಾನೆ’, ಅವನು ಯಿರಿಸ್ತಿಸ್. ಮತ್ತೊಬ್ಬ ಮೇಲಕ್ಕೂ ಕೆಳಕ್ಕೂ ದನಿಯನ್ನು ‘ನೂಲುತ್ತಾನೆ’, ಅವನು ಕ್ಲೋಸ್ತಿಸ್. ಉಳಿದವರು ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ಈ ಹೆಸರುಗಳು ಸಂಗೀತಶಾಸ್ತ್ರದವಲ್ಲ, ಕದಿರು ಹಿಡಿದವರ ಮಾತು. ಅವನ್ನು ‘ದ್ವಿತೀಯ ಕಂಠ’, ‘ತೃತೀಯ ಕಂಠ’ ಎಂದು ಬರೆದರೆ ಪರಾಮರ್ಶನ ಗ್ರಂಥದ ಗಾಂಭೀರ್ಯ ಬಂದೀತು, ಹಾಡು ಹೋದೀತು. ತಿರುಗಿಸುವವನು, ನೂಲುವವನು, ಶ್ರುತಿ ಹಿಡಿಯುವವರು ಎಂದೇ ಇಟ್ಟೆ.

ಲಿಪ್ಯಂತರದಲ್ಲಿ ಒಂದು ಸಣ್ಣ ಲಾಭವೂ ಸಿಕ್ಕಿತು. ನಾವು ಪರದೇಶದ ಹೆಸರುಗಳನ್ನು ಇಂಗ್ಲಿಷಿನ ಕಿಟಕಿಯಿಂದ ನೋಡಿ ‘ರೆಬೆಟಿಕಾ’, ‘ಸಿರ್ಟಾಕಿ’ ಎಂದು ನಾಲಿಗೆ ಮಡಿಚಿ ಬರೆಯುತ್ತೇವೆ. ಗ್ರೀಕರ ‘ತ’ ನಮ್ಮ ‘ತ’ಕ್ಕೇ ಹತ್ತಿರ. ಗ್ರೀಕಿನಲ್ಲಿ ‘ಬ’ ದನಿಯನ್ನು ಬರೆಯಲು ‘ಮ’ ಮತ್ತು ‘ಪ’ ಅಕ್ಷರಗಳನ್ನು ಕೂಡಿಸುತ್ತಾರೆ. ಅದಕ್ಕೇ ಇಂಗ್ಲಿಷಿನವರು ಒಮ್ಮೆ ರೆಂಬೆಟಿಕಾ ಎಂದೂ ಒಮ್ಮೆ ರೆಬೆಟಿಕೊ ಎಂದೂ ಬರೆಯುತ್ತಾರೆ. ನಾವು ಕಿವಿಯನ್ನು ನಂಬಿ ‘ರೆಬೇತಿಕೊ’ ಎಂದು ಬರೆದರೆ ಒಂದು ಮಧ್ಯಸ್ಥಿಕೆ ತಪ್ಪುತ್ತದೆ.

ಇಷ್ಟೆಲ್ಲ ಬರೆಯುವಾಗ ನನ್ನನ್ನು ಹೆಚ್ಚು ಕಾಡಿದ್ದು ಜುರ್ನಾ. ಗ್ರೀಸಿನ ಉತ್ತರ ಸೀಮೆಯಲ್ಲಿ ಬಯಲಿನ ಹಬ್ಬಕ್ಕೆ, ಮದುವೆಗೆ ಜುರ್ನಾ ಬೇಕು; ಜೊತೆಗೆ ದಾವುಲಿ ಎಂಬ ದೊಡ್ಡ ಡೋಲು. ಎರಡು ಜುರ್ನಾಗಳಲ್ಲಿ ಒಂದು ರಾಗ ನುಡಿಸಿದರೆ ಇನ್ನೊಂದು ಶ್ರುತಿ ಹಿಡಿಯುತ್ತದೆ. ಹೀಗೆ ಜೊತೆಗೂಡಿದ ವಾದ್ಯಗಳಿಗೆ ‘ಜಿಯಾ’ ಎನ್ನುತ್ತಾರೆ, ನಮ್ಮ ‘ಯುಗಳ’ದ ಬೇರಿನದೇ ಪದ. ಫೀವೊಸ್ ಅನೊಯನಾಕಿಸ್ 1976ರಲ್ಲಿ ತಂದ ಜನಪದ ವಾದ್ಯಗಳ ದೊಡ್ಡ ಪುಸ್ತಕದಲ್ಲಿ ಇವೆಲ್ಲದರ ಚಿತ್ರಗಳಿವೆ. ಅವನು ಕೂಡಿಸಿಟ್ಟ ಸುಮಾರು 1200 ವಾದ್ಯಗಳಿಂದಲೇ 1991ರಲ್ಲಿ ಅಥೆನ್ಸಿನ ಪ್ಲಾಕಾದಲ್ಲಿ ವಸ್ತುಸಂಗ್ರಹಾಲಯ ತೆರೆಯಿತು.

ನಮ್ಮ ಮುತ್ಯಾ, ಅಂದರೆ ಅವ್ವನ ಅಪ್ಪ, ಸನಾದಿ ನುಡಿಸುತ್ತಿದ್ದ. ಜಮಖಂಡಿ ಕಡೆಯ ಹಳ್ಳಿ. ಮುತ್ಯಾನದು ರಾಗದ ಸನಾದಿ, ಅವನ ತಮ್ಮನದು ಶ್ರುತಿಯ ಸನಾದಿ, ಸಂಬಾಳ ಬಾರಿಸುವವನು ಸೋದರಳಿಯ. ಅವರಿಲ್ಲದೆ ಆ ಸುತ್ತಿನಲ್ಲಿ ಯಾರ ಮನೆಯ ಅಕ್ಕಿಕಾಳೂ ಬೀಳುತ್ತಿರಲಿಲ್ಲ. ಆದರೆ ಹೇಳಿ ಕಳಿಸುವಾಗ ಯಾರೂ ಅವನ ಹೆಸರು ಹೇಳುತ್ತಿರಲಿಲ್ಲ. ‘ವಾಜಂತ್ರಿಯವರಿಗೆ ಹೇಳ್ರಿ’ ಎಂದರೆ ಮುಗಿಯಿತು. ಹಂದರದ ಹೊರಗೆ ಕೂತು ನುಡಿಸಿ, ಎಲ್ಲರ ಊಟವಾದ ಮೇಲೆ ಹೊರಗೇ ಉಂಡು ಬರುತ್ತಿದ್ದರು. ಕಸುಬೇ ಹೆಸರು, ಹೆಸರೇ ಜಾತಿ. ಅವ್ವ ಇಂದಿಗೂ ಟಿವಿಯಲ್ಲಿ ಶಹನಾಯಿ ಬಂದರೆ ಎದ್ದು ಒಳಗೆ ಹೋಗುತ್ತಾಳೆ. ಅದು ದುಃಖವೋ ಸಿಟ್ಟೋ ನಾನು ಕೇಳಿಲ್ಲ.

ಗ್ರೀಸಿನಲ್ಲಿ ಜುರ್ನಾ ನುಡಿಸುವವರಲ್ಲಿ ಬಹಳ ಮಂದಿ ರೋಮಾ ಜನ. ‘ಯಿಫ್ತೊಸ್’ ಎಂಬುದು ಅವರನ್ನು ಕರೆಯುವ ಹಳೆಯ ಪದ, ‘ಈಜಿಪ್ಟಿನವನು’ ಎಂಬುದರಿಂದ ಬಂದದ್ದು, ಇಂದು ಬೈಗುಳವಾಗಿಯೂ ಕೇಳಿಬರುವಂಥದ್ದು. ಎಷ್ಟೋ ಊರುಗಳಲ್ಲಿ ಅದೇ ಪದಕ್ಕೆ ಕಮ್ಮಾರ ಎಂದೂ ವಾದ್ಯ ನುಡಿಸುವವನು ಎಂದೂ ಅರ್ಥವಿದೆ. ಅದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಾಗಿದ್ದೆ. ರಾಷ್ಟ್ರದ ಆತ್ಮ ಎಂದು ಕೊಂಡಾಡುವ ಹಾಡನ್ನು ಉಸಿರು ಕಟ್ಟಿ ಊದಿದವನು ಆ ರಾಷ್ಟ್ರದ ಪಂಕ್ತಿಯಲ್ಲಿ ಕೂರುವಂತಿಲ್ಲ. ಗ್ರಂಥಗಳು ವಾದ್ಯಕ್ಕೆ ಚಿತ್ರ ಕೊಡುತ್ತವೆ, ಅಳತೆ ಕೊಡುತ್ತವೆ, ಯಾವ ಮರದಿಂದ ಮಾಡಿದ್ದೆಂದು ಹೇಳುತ್ತವೆ. ನುಡಿಸಿದವನಿಗೆ ಒಂದು ವಾಕ್ಯ ಕೊಡಲು ಜಾಗ ಇರುವುದಿಲ್ಲ. 800 ಪದಗಳಲ್ಲಿ ನಾನು ಅವರಿಗೆ 60 ಪದ ತೆಗೆದಿಟ್ಟೆ. ಅದಕ್ಕಾಗಿ ಪೈಥಾಗೊರಸನನ್ನು ಕೈಬಿಟ್ಟೆ.

ಕರಡು ಓದಿದ ಸಂಪಾದಕರು ಫೋನ್ ಮಾಡಿದರು. ಧಾರವಾಡದ ನಿವೃತ್ತ ಪ್ರಾಧ್ಯಾಪಕರು, ನಿಷ್ಠುರ ಮನುಷ್ಯ, ಆದರೆ ಕೇಳಿಸಿಕೊಳ್ಳುವವರು.

‘ತಂಗಿ, ಶೀರ್ಷಿಕೀನ ಬದಲಾಸೀಯಲ್ಲ. ಹುಡುಕಲಿಕ್ಕೆ ಬಂದವರು ವಾದ ಕೇಳಲಿಕ್ಕೆ ಬರೂದಿಲ್ಲ. ಅವರಿಗೆ ಒಂದು ಹೆಸರು ಬೇಕು.’

‘ಖರೆ ಸರ್. ಆದರ ವಾದ ಹೆಸರಿನ ಒಳಗೇ ಅದ.’

‘ಹಂಗಂದ್ರ ಎಲ್ಲಾ ಹೆಸರಿನ್ಯಾಗೂ ಅದ. ಕೋಶ ಮಾಡೂದು ಬ್ಯಾಡಂತೀಯೇನು?’

ಆ ಪ್ರಶ್ನೆ ನ್ಯಾಯವಾದದ್ದು. ಹೆಸರಿಡದೆ ಕೋಶವಿಲ್ಲ. ಹೆಸರು ಬಾಗಿಲಿದ್ದಂತೆ, ಬಾಗಿಲಿಲ್ಲದ ಮನೆಗೆ ಯಾರೂ ಹೋಗಲಾಗದು. ನಾನು ಕೇಳಿದ್ದು ಬಾಗಿಲ ಪಕ್ಕದಲ್ಲೇ, ಒಳಗೆ ಯಾರಿಗೆ ಜಾಗ ಸಿಕ್ಕಿಲ್ಲ ಎಂದು ಬರೆದಿಡಲು ಒಂದು ಗೇಣು ಗೋಡೆ. ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ‘ಗ್ರೀಸಿನ ಪಾರಂಪರಿಕ ಸಂಗೀತ’ ಎಂದು ನಿಂತಿತು. ಜನಾಂಗದ ಬದಲು ನೆಲದ ಹೆಸರು. ‘ಜಾನಪದ’ದ ಬದಲು ‘ಪಾರಂಪರಿಕ’. ಗ್ರೀಕರೂ ಇಂದು ‘ಪರದೊಸಿಯಾಕಿ’ ಎಂಬ ಪದವನ್ನೇ ಹೆಚ್ಚು ಬಳಸುತ್ತಾರೆ. ‘ಪರಾದೊಸಿ’ ಎಂದರೆ ಕೈಯಿಂದ ಕೈಗೆ ಒಪ್ಪಿಸುವುದು, ಪರಂಪರೆ. ಅದೇ ಪದಕ್ಕೆ ಶರಣಾಗತಿ ಎಂಬ ಅರ್ಥವೂ ಇದೆ. ‘ಸಾಂಪ್ರದಾಯಿಕ’ ಎಂದು ಹಾಕಿದ್ದರೆ ನಮ್ಮ ಕಡೆಯವರು ಮದುವೆಯ ಸಂಪ್ರದಾಯದ ಪದಗಳೆಂದೇ ತಿಳಿಯುತ್ತಿದ್ದರು.

ಮೊದಲ ವಾಕ್ಯಗಳಲ್ಲೇ ನಮೂದು ತನ್ನ ಮಿತಿಯನ್ನು ಹೇಳುತ್ತದೆ: ಇಲ್ಲಿ ಸೇರಿದ ಹಾಡುಗಳೆಲ್ಲ ಗ್ರೀಕ್ ಭಾಷೆಯವಲ್ಲ, ಗ್ರೀಕ್ ಭಾಷೆಯ ಹಾಡುಗಳೆಲ್ಲ ಇಲ್ಲಿ ಸೇರಿಲ್ಲ. ಸಂಪಾದಕರು ಆ ಸಾಲಿಗೆ ಪೆನ್ಸಿಲಿನಿಂದ ಗೆರೆ ಎಳೆದು ‘ಇರಲಿ’ ಎಂದು ಬರೆದು ಕಳಿಸಿದರು. ಜುರ್ನಾದವರ 60 ಪದಗಳಲ್ಲಿ ಒಂದನ್ನೂ ಅವರು ಕತ್ತರಿಸಲಿಲ್ಲ. ಕೊನೆಯಲ್ಲಿ ‘ನೋಡಿ’ ಎಂಬ ಸೂಚನೆಯ ಎದುರು ನಾನು ಎರಡು ಹೆಸರು ಕೊಟ್ಟಿದ್ದೆ: ತುರ್ಕಿಯ ಪಾರಂಪರಿಕ ಸಂಗೀತ, ಕೆರೆಗೆ ಹಾರ. ಎರಡನೆಯದು ಗ್ರಂಥದಲ್ಲಿ ಈಗಾಗಲೇ ಇದೆ. ಮೊದಲನೆಯದನ್ನು ಯಾರು ಬರೆಯುತ್ತಿದ್ದಾರೆ ಎಂದು ಕೇಳಿದೆ. ಇನ್ನೂ ಯಾರೂ ಸಿಕ್ಕಿಲ್ಲವಂತೆ. ಗೊತ್ತಿದ್ದವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಕೈಯೆತ್ತಿ. 800 ಪದ ಅಷ್ಟೇ. ಒಂದು ವಿನಂತಿ: ಕ್ರೀಟಿನಿಂದ ಹಡಗು ಹತ್ತಿದವರಿಗೆ ಅದರಲ್ಲಿ ಒಂದು ಸಾಲು ಇರಲಿ. ನನ್ನ ನಮೂದಿನಲ್ಲಿ ಅವರನ್ನು ದಂಡೆಯವರೆಗೆ ಮಾತ್ರ ಕಳಿಸಿಕೊಡಲು ಸಾಧ್ಯವಾಗಿದೆ.